ಗುರುಗಳಿಲ್ಲದ ಧರ್ಮಸಭೆ: ಕೆನರಾದಿಂದ ಲಂಕೆಗೆ ಸಂತ ಜೋಸೆಫ್ ವಾಜ್

೧. ಪ್ರಶ್ನೆಯ ಸ್ವರೂಪ

ಒಂದು ಧಾರ್ಮಿಕ ಸಮುದಾಯದಿಂದ ಅದರ ಗುರುವರ್ಗವನ್ನು ಪೂರ್ಣವಾಗಿ ಕಿತ್ತುಹಾಕಿದರೆ ಆ ಸಮುದಾಯ ಎಷ್ಟು ಕಾಲ ಬದುಕೀತು? ಕಥೋಲಿಕ ಕ್ರೈಸ್ತರ ಮಟ್ಟಿಗೆ ಈ ಪ್ರಶ್ನೆ ವಿಶೇಷವಾಗಿ ತೀಕ್ಷ್ಣವಾದುದು. ಬಲಿಪೂಜೆ, ಪಾಪನಿವೇದನೆ, ಅಂತ್ಯಾಭ್ಯಂಗ ಇವು ದೀಕ್ಷಿತ ಗುರುವಿಲ್ಲದೆ ನಡೆಯತಕ್ಕವಲ್ಲ. ಗುರುವಿಲ್ಲದ ಕಡೆ ಧರ್ಮಸಭೆಯ ಸಂಸ್ಕಾರಜೀವನದ ಬಹುಭಾಗ ನಿಂತುಹೋಗುತ್ತದೆ.

ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಲಂಕೆಯ ಕರಾವಳಿಯ ಕಥೋಲಿಕರಿಗೆ ಒದಗಿದ್ದು ಇದೇ ಸ್ಥಿತಿ. ಡಚ್ ಈಸ್ಟ್ ಇಂಡಿಯಾ ಕಂಪನಿಯು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಗೆದ್ದುಕೊಂಡಿತು. ಡಚ್ಚರು ಪ್ರೊಟೆಸ್ಟೆಂಟರು, ಕಥೋಲಿಕ ಗುರುಗಳನ್ನು ಅವರು ಪೋರ್ಚುಗೀಸರ ಗೂಢಚಾರರೆಂದೇ ಬಗೆದರು. ಗುರುಗಳನ್ನು ದ್ವೀಪದಿಂದ ಹೊರಹಾಕಿದರು. ಅವರಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂದು 1658ರಲ್ಲಿ ಆಜ್ಞೆ ಹೊರಡಿಸಿದರು. ಚರ್ಚುಗಳು ಪ್ರೊಟೆಸ್ಟೆಂಟ್ ಆರಾಧನೆಗೂ ಶಾಲೆಗಳಿಗೂ ಬಳಕೆಯಾದವು. ಮಕ್ಕಳ ದೀಕ್ಷಾಸ್ನಾನ, ವಿವಾಹ ನೋಂದಣಿ ಮೊದಲಾದವು ಡಚ್ ಶಾಲೆಗಳ ಮೂಲಕವೇ ನಡೆಯಬೇಕಾಯಿತು. ಹೀಗೆ ಸುಮಾರು ಮೂರು ದಶಕಗಳು ಕಳೆದವು.

ಈ ಕಥೋಲಿಕ ಸಮುದಾಯ ಅಳಿಯಲಿಲ್ಲ. ಅದಕ್ಕೆ ಕಾರಣವನ್ನು ಸಂತಚರಿತ್ರೆಗಳು ಒಂದೇ ಹೆಸರಿನಲ್ಲಿ ಹೇಳುತ್ತವೆ: ಗೋವೆಯ ಗುರು ಜೋಸೆಫ್ ವಾಜ್ (1651–1711). 1995ರ ಜನವರಿ 21ರಂದು ಎರಡನೆಯ ಜಾನ್ ಪಾಲ್ ಅವರಿಂದ ಧನ್ಯರೆಂದೂ 2015ರ ಜನವರಿ 14ರಂದು ಫ್ರಾನ್ಸಿಸ್ ಅವರಿಂದ ಸಂತರೆಂದೂ ಕೊಲಂಬೊ ನಗರದಲ್ಲೇ ಘೋಷಿತರಾದ ವಾಜ್ ಅವರ ಹಿರಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಬ್ಬ ಸಂತನ ಬರವಿನಿಂದ ಸಮುದಾಯ ಉಳಿಯಿತೆಂಬ ವಿವರಣೆ ಅಪೂರ್ಣವಾದುದು. ವಾಜ್ ಅವರು ಮಾಡಿದ ಮುಖ್ಯ ಕೆಲಸವೆಂದರೆ ಈಗಾಗಲೇ ಉಳಿದುಕೊಂಡಿದ್ದುದನ್ನು ಗುರುತಿಸಿ, ಅದಕ್ಕೊಂದು ವ್ಯವಸ್ಥೆಯನ್ನೂ ಒಂದು ಭಾಷೆಯನ್ನೂ ಒದಗಿಸಿದ್ದು. ಆ ಕೆಲಸದ ಪೂರ್ವಸಿದ್ಧತೆ ಕನ್ನಡ ಕರಾವಳಿಯಲ್ಲಿ ನಡೆಯಿತೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

೨. ಕೆನರಾದ ಮೂರು ವರ್ಷಗಳು

ವಾಜ್ ಅವರು 1651ರ ಏಪ್ರಿಲ್ 21ರಂದು ಗೋವೆಯ ಸಾಲ್ಸೆಟ್ ಪ್ರಾಂತದ ಬೆಣವಲಿಯಲ್ಲಿ ಜನಿಸಿದರು. ತಂದೆಯ ಊರು ಸಾಂಕ್ವಾಳ, ಮನೆಮಾತು ಕೊಂಕಣಿ. 1676ರಲ್ಲಿ ಗುರುದೀಕ್ಷೆ ಪಡೆದ ಅವರು ಲಂಕೆಗೆ ಹೋಗಬೇಕೆಂದು ಬಯಸಿದರೂ ಗೋವೆಯ ಅಧಿಕಾರಿಗಳು 1681ರಲ್ಲಿ ಅವರನ್ನು ಕೆನರಾಕ್ಕೆ ಮುಖ್ಯ ವಿಕಾರರನ್ನಾಗಿ ಕಳುಹಿಸಿದರು.

ಆಗ ಕೆನರಾ ಕೆಳದಿಯ ಅರಸರ ಅಧೀನದಲ್ಲಿತ್ತು. 1650ರ ದಶಕದ ಆರಂಭದಲ್ಲಿ ಶಿವಪ್ಪನಾಯಕನು ಹೊನ್ನಾವರ, ಬಸರೂರು, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ವಶಪಡಿಸಿಕೊಂಡಿದ್ದನು. ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯ (1671–1696) ಹೊತ್ತಿಗೆ ಸಂಬಂಧ ಮತ್ತೆ ಕುದುರಿತ್ತು. ಗೋವೆಗೆ ಕೆನರಾದ ಅಕ್ಕಿ ಬೇಕಾಗಿತ್ತು, ಕೆಳದಿಗೆ ಕಡಲ ವ್ಯಾಪಾರ ಬೇಕಾಗಿತ್ತು. ಗೋವೆಯಿಂದ ವಲಸೆ ಬಂದು ಇಲ್ಲಿ ಬೇಸಾಯ ಹಿಡಿದಿದ್ದ ಕೊಂಕಣಿ ಕ್ರೈಸ್ತರು ಹೀಗೆ ವೀರಶೈವ ಮನೆತನವೊಂದರ ಆಶ್ರಯದಲ್ಲಿ, ಪೋರ್ಚುಗೀಸ್ ಆಳ್ವಿಕೆಯ ಹೊರಗೆ ಬಾಳುತ್ತಿದ್ದರು.

ಇಲ್ಲಿ ತೊಡಕು ಬಂದದ್ದು ಅರಸರಿಂದಲ್ಲ, ಧರ್ಮಸಭೆಯೊಳಗಿನಿಂದ. ಪೂರ್ವದೇಶಗಳ ಧರ್ಮಸಭೆಯ ಮೇಲೆ ಪೋರ್ಚುಗಲ್ ರಾಜನಿಗೆ ಪೋಪರು ಕೊಟ್ಟಿದ್ದ ಹಕ್ಕಿಗೆ ಪದ್ರುವಾದೊ ಎಂದು ಹೆಸರು. 1622ರಲ್ಲಿ ರೋಮ್ ಸ್ಥಾಪಿಸಿದ ಪ್ರೊಪಗಾಂಡಾ ಫೀದೆ ಎಂಬ ಧರ್ಮಪ್ರಸಾರ ಮಂಡಲಿಯು ಪೋರ್ಚುಗೀಸ್ ಆಳ್ವಿಕೆಯ ಹೊರಗಿನ ಪ್ರದೇಶಗಳಿಗೆ ತನ್ನದೇ ಪ್ರತಿನಿಧಿಗಳನ್ನು ನೇಮಿಸತೊಡಗಿತು. ಹಾಗೆ ನೇಮಕಗೊಂಡ ಗೋವೆಯವರೇ ಆದ ಧರ್ಮಾಧ್ಯಕ್ಷ ತೊಮಾಸ್ ದೆ ಕಾಸ್ತ್ರೊ ಮಂಗಳೂರಿನಲ್ಲಿದ್ದರು; ಅಲ್ಲಿನ ಮಿಲಾಗ್ರಿಸ್ ಚರ್ಚು 1680ರಲ್ಲಿ ಅವರಿಂದ ಆರಂಭವಾಯಿತು. ಒಂದು ಪಕ್ಷದ ಗುರು ನಡೆಸಿದ ವಿವಾಹವೂ ಕೊಟ್ಟ ಪಾಪಕ್ಷಮೆಯೂ ಊರ್ಜಿತವಲ್ಲವೆಂದು ಇನ್ನೊಂದು ಪಕ್ಷ ಸಾರತೊಡಗಿದಾಗ ಸಾಮಾನ್ಯ ಭಕ್ತನ ಪಾಡು ಗುರುವಿಲ್ಲದವನ ಪಾಡಿಗಿಂತ ಉತ್ತಮವಾಗಿರಲಿಲ್ಲ.

ಪದ್ರುವಾದೊ ಪಕ್ಷದಿಂದ ಬಂದ ವಾಜ್ ಅವರು ಧರ್ಮಾಧ್ಯಕ್ಷರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುತ್ತ, ವಿವಾದವು ಭಕ್ತರ ಸಂಸ್ಕಾರಗಳಿಗೆ ಅಡ್ಡಿಯಾಗದಂತೆ ಸಂಧಾನದ ದಾರಿ ಹಿಡಿದರು. ಹೊನ್ನಾವರ, ಬಸರೂರು, ಕುಂದಾಪುರ, ಗಂಗೊಳ್ಳಿಗಳ ಸುತ್ತ ಕಾಲ್ನಡೆಯಲ್ಲಿ ಸಂಚರಿಸಿದರು. ಜೀರ್ಣವಾದ ಚರ್ಚುಗಳನ್ನು ಸರಿಪಡಿಸಿದರು. ಶಾಲೆಗಳನ್ನೂ ಭಕ್ತರ ಸಂಘಗಳನ್ನೂ ಕಟ್ಟಿದರು. ಮಂಗಳೂರಿನ ಸಮೀಪದ ಮುಡಿಪು ಬೆಟ್ಟದಲ್ಲಿ ಅವರ ನೆನಪಿನ ಯಾತ್ರಾಸ್ಥಳವಿದ್ದು, ಅಲ್ಲಿನ ಮೂರು ಚಿಲುಮೆಗಳು ಅವರ ಪ್ರಾರ್ಥನೆಯಿಂದ ಹುಟ್ಟಿದವೆಂಬ ನಂಬಿಕೆ ಇಂದಿಗೂ ಜೀವಂತವಾಗಿದೆ.

1684ರಲ್ಲಿ ಅವರು ಗೋವೆಗೆ ಮರಳಿದರು. ಕೆನರಾದಲ್ಲಿ ಅವರು ಕಂಡುಕೊಂಡುದು ಎರಡು ಸಂಗತಿಗಳು. ಕ್ರೈಸ್ತನಲ್ಲದ ಅರಸನ ನೆರಳಿನಲ್ಲಿ, ಪೋರ್ಚುಗೀಸ್ ಕೋಟೆಯ ರಕ್ಷಣೆಯಿಲ್ಲದೆ, ಧರ್ಮಸಭೆ ಬದುಕಬಲ್ಲದು. ಮತ್ತು ಊರೂರಿನಲ್ಲಿ ಚದುರಿದ ಸಮುದಾಯಕ್ಕೆ ಅಪರೂಪಕ್ಕೆ ಬರುವ ಗುರುವಿಗಿಂತ ಊರಿನಲ್ಲೇ ಇರುವ ಸಂಘಟನೆ ಹೆಚ್ಚು ಆಧಾರ. ಲಂಕೆಯಲ್ಲಿ ಇವೆರಡೂ ಉಪಯೋಗಕ್ಕೆ ಬಂದವು.

೩. ಕೊರಳಿನ ಜಪಸರ

1685ರಲ್ಲಿ ವಾಜ್ ಅವರು ಹಳೆ ಗೋವೆಯ ಪವಾಡ ಶಿಲುಬೆಯ ಚರ್ಚಿನಲ್ಲಿ ನೆಲೆಸಿದ್ದ ದೇಶೀಯ ಗುರುಗಳ ಸಣ್ಣ ಗುಂಪನ್ನು ಸೇರಿ, ಅದಕ್ಕೆ ಸಂತ ಫಿಲಿಪ್ ನೇರಿಯವರ ಒರೆಟರಿ ಸಂಘದ ನಿಯಮವನ್ನು ಅಳವಡಿಸಿದರು. ಯುರೋಪಿಯನ್ ಧಾರ್ಮಿಕ ಸಂಘಗಳು ಗೋವೆಯ ದೇಶೀಯರಿಗೆ ಸಾಮಾನ್ಯವಾಗಿ ಬಾಗಿಲು ಮುಚ್ಚಿದ್ದ ಕಾಲವದು. ದೇಶೀಯರೇ ಕಟ್ಟಿ ದೇಶೀಯರೇ ನಡೆಸಿದ ಈ ಸಂಘದ ಸದಸ್ಯರಿಗೆ ಲಂಕೆಯಲ್ಲಿ ಮೈಬಣ್ಣವೇ ರಕ್ಷಣೆಯಾಯಿತು. ಯುರೋಪಿಯನ್ ಗುರುವೊಬ್ಬನು ಡಚ್ ಕಾವಲನ್ನು ದಾಟಿ ಹೋಗುವುದು ಅಸಾಧ್ಯಪ್ರಾಯವಾಗಿತ್ತು. ಗೋವೆಯವನು ಕೂಲಿಯವನಾಗಿಯೋ ವ್ಯಾಪಾರಿಯಾಗಿಯೋ ಜನರೊಳಗೆ ಬೆರೆತುಹೋಗಬಹುದಾಗಿತ್ತು.

1686ರಲ್ಲಿ ಹೊರಟ ವಾಜ್ ಅವರು ಮನೆಯ ಸೇವಕನಾದ ಜೊವಾಂವ್ ಎಂಬ ತರುಣನೊಡನೆ ಕೆನರಾ, ಮಲಬಾರುಗಳನ್ನು ಹಾದು ತೂತ್ತುಕುಡಿ ಸೇರಿ, 1687ರಲ್ಲಿ ಕೂಲಿಯ ವೇಷದಲ್ಲಿ ಜಲಸಂಧಿಯನ್ನು ದಾಟಿದರು. ದಾರಿಯ ಹಸಿವು ಮತ್ತು ರೋಗದಿಂದ ಇಬ್ಬರೂ ಸಾವಿನ ದವಡೆಗೆ ಸಿಕ್ಕಿ ಪಾರಾದರು.

ಜಾಫ್ನಾದಲ್ಲಿ ಅವರ ಮುಂದಿದ್ದ ಸಮಸ್ಯೆ ವಿಚಿತ್ರವಾದುದು. ಬಹಿರಂಗದಲ್ಲಿ ಎಲ್ಲರೂ ಪ್ರೊಟೆಸ್ಟೆಂಟರಾಗಿ ದಾಖಲಾದ ಊರಿನಲ್ಲಿ ಕಥೋಲಿಕರಾರೆಂದು ತಿಳಿಯುವುದು ಹೇಗೆ? ಕೇಳುವಂತಿಲ್ಲ, ಕೇಳಿದರೆ ಕೇಳಿದವನಿಗೂ ಹೇಳಿದವನಿಗೂ ಅಪಾಯ. ವಾಜ್ ಅವರು ಕೊರಳಿಗೆ ಜಪಸರವನ್ನು ಕಾಣುವಂತೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಕಂಡೂ ಕಾಣದಂತಿದ್ದವರನ್ನು ಬಿಟ್ಟು ಮುಂದೆ ನಡೆದರು. ಕಣ್ಣು ಆ ಸರದ ಮೇಲೆ ನಿಂತವರ ಮನೆಯನ್ನು ನೆನಪಿಟ್ಟುಕೊಂಡರು. ಕೆಲಕಾಲದ ಬಳಿಕ ಒಬ್ಬರು ತಾವಾಗಿ ಬಾಯಿಬಿಟ್ಟರು. ಸಿಲ್ಲಾಲೈ ಗ್ರಾಮ ಅವರ ಮೊದಲ ನೆಲೆಯಾಯಿತು. ರಾತ್ರಿ ಬಲಿಪೂಜೆ, ಬೆಳಗಾಗುವ ಮೊದಲೇ ಬೇರೊಂದು ಊರು ಎಂಬುದು ದಿನಚರಿಯಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಜಪಸರವನ್ನು ಗುರುತಿಸಿದ ಕಣ್ಣು ಅಲ್ಲಿ ಮೊದಲೇ ಇತ್ತು. ಮೂವತ್ತು ವರ್ಷ ಗುರುಮುಖ ಕಾಣದ ಮನೆಗಳಲ್ಲಿ ಜಪಸರದ ಪ್ರಾರ್ಥನೆಯನ್ನು ಮಕ್ಕಳಿಗೆ ಕಲಿಸಿದ ಹಿರಿಯರಿದ್ದರು. ಇಂಥವರ ಹೆಸರುಗಳು ಸಂತಚರಿತ್ರೆಯಲ್ಲಿ ಬರುವುದಿಲ್ಲ. ಮನ್ನಾರಿನ ಸೀಮೆಯ ಮಡು ಕ್ಷೇತ್ರದ ಪರಂಪರೆಯೂ ಇದನ್ನೇ ಸೂಚಿಸುತ್ತದೆ: ಡಚ್ಚರಿಗೆ ಹೆದರಿ ಕಾಡಿನತ್ತ ಸರಿದ ಕೆಲವು ಕುಟುಂಬಗಳು ಮಾಂತೈಯ ಚರ್ಚಿನಲ್ಲಿದ್ದ ಮಾತೆ ಮರಿಯಳ ಪ್ರತಿಮೆಯನ್ನು ಹೊತ್ತೊಯ್ದು ಕಾಪಾಡಿದವೆಂದು ಆ ಪರಂಪರೆ ಹೇಳುತ್ತದೆ. ಅದನ್ನು ಹೊತ್ತವರು ಗುರುಗಳಲ್ಲ, ಗೃಹಸ್ಥರು.

೪. ಮೂಪ್ಪು ಮತ್ತು ಅಣ್ಣಾವಿ

ಈ ಗೃಹಸ್ಥರ ಭಕ್ತಿಗೆ ವಾಜ್ ಮತ್ತು ಅವರ ಅನುಯಾಯಿಗಳು ಅಧಿಕೃತ ಸ್ಥಾನವೊಂದನ್ನು ಕಲ್ಪಿಸಿದರು. ಪ್ರತಿ ಊರಿನ ಕ್ರೈಸ್ತರಿಗೆ ಒಬ್ಬ ಮುಖಂಡ. ಅವನಿಗೆ ‘ಮೂಪ್ಪು’ ಎಂಬ ಹೆಸರು. ಭಾನುವಾರ ಭಕ್ತರನ್ನು ಕೂಡಿಸುವುದು, ಪ್ರಾರ್ಥನೆ ಹೇಳಿಸುವುದು, ಧರ್ಮಗ್ರಂಥವನ್ನು ಓದಿ ಕೇಳಿಸುವುದು, ರೋಗಿಗಳನ್ನು ಕಾಣುವುದು, ಸಾಯುವ ಸ್ಥಿತಿಯಲ್ಲಿರುವ ಶಿಶುವಿಗೆ ದೀಕ್ಷಾಸ್ನಾನ ಕೊಡುವುದು, ಗುರು ಬರುವ ದಿನಕ್ಕೆ ಗುಟ್ಟಾಗಿ ಸಿದ್ಧತೆ ನಡೆಸುವುದು ಅವನ ಹೊಣೆ. ತಮಿಳು ಪ್ರದೇಶದಲ್ಲಿ ಧರ್ಮಬೋಧೆ ಕಲಿಸುವವನಿಗೆ ‘ಅಣ್ಣಾವಿ’ ಎಂದು ಹೆಸರಾಯಿತು.

ಕನ್ನಡದ ಓದುಗರಿಗೆ ಈ ಶಬ್ದಗಳು ಅಪರಿಚಿತವಲ್ಲ. ತಮಿಳಿನ ‘ಮೂಪ್ಪು’ ನಮ್ಮ ‘ಮುಪ್ಪು’ ಶಬ್ದದ ಜ್ಞಾತಿ. ಕನ್ನಡದಲ್ಲಿ ಅದು ವೃದ್ಧಾಪ್ಯಕ್ಕೆ ಸೀಮಿತವಾದರೆ ತಮಿಳಿನಲ್ಲಿ ಹಿರಿತನ, ಯಜಮಾನಿಕೆ ಎಂಬ ಅರ್ಥವೂ ಉಳಿದಿದೆ. ‘ಅಣ್ಣಾವಿ’ ಎಂದರೆ ಓಜ, ಉಪಾಧ್ಯಾಯ. ಊರಿನ ಸಾಮಾಜಿಕ ಜೀವನದಲ್ಲಿ ಮೊದಲೇ ಬೇರೂರಿದ್ದ ಹಿರಿತನದ ಮತ್ತು ಓಜತನದ ಪದಗಳೇ ಧರ್ಮಸಭೆಯ ಹುದ್ದೆಗಳ ಹೆಸರಾದವು. ಲ್ಯಾಟಿನ್ ಅಥವಾ ಪೋರ್ಚುಗೀಸ್ ಪದವೊಂದನ್ನು ಹೊರಗಿನಿಂದ ತಂದಿದ್ದರೆ ಡಚ್ ಅಧಿಕಾರಿಯ ಕಿವಿಗೆ ಅದು ತಟ್ಟನೆ ಬೀಳುತ್ತಿತ್ತು. ಊರ ಹಿರಿಯನೊಬ್ಬ ನಾಲ್ಕು ಮನೆಗಳವರನ್ನು ಕೂಡಿಸಿದನೆಂಬುದರಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ.

ಕೈಬೆರಳೆಣಿಕೆಯ ಗುರುಗಳು ಇಡೀ ದ್ವೀಪವನ್ನು ಸುತ್ತಬೇಕಾಗಿದ್ದಾಗ ಒಂದು ಊರಿಗೆ ವರ್ಷಕ್ಕೊಮ್ಮೆ ಗುರುದರ್ಶನವಾದರೆ ಅದೇ ಹೆಚ್ಚು. ಉಳಿದ ದಿನಗಳ ಧರ್ಮಸಭೆ ಮೂಪ್ಪುವಿನದಾಗಿತ್ತು.

೫. ಕ್ಯಾಂಡಿಯ ಅರಸು, ಮಳೆ ಮತ್ತು ಸಿಡುಬು

ಡಚ್ಚರ ಹಿಡಿತವಿದ್ದುದು ಕರಾವಳಿಯಲ್ಲಿ; ದ್ವೀಪದ ಒಳನಾಡು ಕ್ಯಾಂಡಿಯ ಬೌದ್ಧ ಅರಸರದು. 1692ರಲ್ಲಿ ವಾಜ್ ಅವರು ಕ್ಯಾಂಡಿಯನ್ನು ಹೊಕ್ಕಾಗ ಆಸ್ಥಾನದಲ್ಲಿದ್ದ ಲಾನೆರೋಲ್ ಎಂಬ ಫ್ರೆಂಚ್ ಪ್ರೊಟೆಸ್ಟೆಂಟನ ದೂರಿನಿಂದ ಪೋರ್ಚುಗೀಸ್ ಗೂಢಚಾರನೆಂಬ ಶಂಕೆಗೆ ಗುರಿಯಾಗಿ ಬಂಧಿತರಾದರು. ಸೆರೆಯಲ್ಲಿ ಅವರು ಸಿಂಹಳ ಭಾಷೆಯನ್ನು ಕಲಿತರು. ಕ್ರಮೇಣ ಕಾವಲು ಸಡಿಲಿತು. ಸಣ್ಣದೊಂದು ಪೂಜಾಸ್ಥಳಕ್ಕೆ ಅವಕಾಶ ದೊರೆಯಿತು.

ಮುಂದಿನ ಘಟನೆಯನ್ನು ಸಂತಚರಿತ್ರೆ ಹೀಗೆ ನಿರೂಪಿಸುತ್ತದೆ: ಬರಗಾಲ ಬಂದಿತು, ಅರಸನಾದ ಎರಡನೆಯ ವಿಮಲಧರ್ಮಸೂರ್ಯನು (1687–1707) ವಾಜ್ ಅವರನ್ನು ಪ್ರಾರ್ಥಿಸಲು ಕೇಳಿದನು, ಅವರು ಬಯಲಿನಲ್ಲಿ ಪೀಠ ನಿಲ್ಲಿಸಿ ಮೊಣಕಾಲೂರಿದರು, ಮಳೆ ಸುರಿಯಿತು, ಆದರೆ ಪೀಠವೂ ಪ್ರಾರ್ಥಿಸುವವರೂ ನೆನೆಯಲಿಲ್ಲ. ಆ ಬಳಿಕ ರಾಜ್ಯದಲ್ಲಿ ಸಂಚರಿಸಿ ಬೋಧಿಸುವ ಸ್ವಾತಂತ್ರ್ಯ ದೊರೆಯಿತು.

ಹರಿಹರನ ರಗಳೆಗಳನ್ನೂ ಭೀಮಕವಿಯ ಬಸವಪುರಾಣವನ್ನೂ ಓದಿದವರಿಗೆ ಈ ಕಥನದ ಜಾಡು ಪರಿಚಿತ. ಪವಾಡ ನಡೆಯಿತೇ ಇಲ್ಲವೇ ಎಂಬಲ್ಲಿಗೆ ನಿಂತರೆ ಸಾಹಿತ್ಯದ ವಿದ್ಯಾರ್ಥಿಗೆ ಲಾಭವಿಲ್ಲ. ಕಥೆ ಯಾವ ಸ್ಥಿತ್ಯಂತರವನ್ನು ಗುರುತಿಸುತ್ತಿದೆ ಎಂದು ಕೇಳಬೇಕು. ಇಲ್ಲಿ ಅದು ಗುರುತಿಸುವುದು ರಾಜಾನುಮತಿಯನ್ನು. ಡಚ್ಚರನ್ನು ನಂಬದ ಬೌದ್ಧ ಅರಸನಿಗೆ, ಡಚ್ಚರಿಂದ ಬೇಟೆಯಾಡಲ್ಪಡುತ್ತಿದ್ದ ಈ ಸಂನ್ಯಾಸಿಯಿಂದ ಅಪಾಯವಿಲ್ಲವೆಂಬುದು ಮನದಟ್ಟಾಗಿತ್ತು. ಕೆಳದಿಯ ನೆರಳನ್ನು ಕಂಡಿದ್ದ ವಾಜ್ ಅವರಿಗೆ ಇಂಥ ಆಶ್ರಯದ ಬೆಲೆಯೂ ಮಿತಿಯೂ ತಿಳಿದಿತ್ತು.

ಅರಮನೆಯ ಅನುಮತಿಯನ್ನು ಜನಮನ್ನಣೆಯಾಗಿ ಮಾಡಿದ್ದು 1697ರ ಸಿಡುಬು. ಅರಸನೂ ಉಳ್ಳವರೂ ನಗರ ಬಿಟ್ಟರು; ಮನೆಯವರೇ ರೋಗಿಗಳನ್ನು ತೊರೆದರು. ವಾಜ್ ಅವರೂ ಅವರ ಸೋದರಳಿಯ ಜೋಸೆಫ್ ದೆ ಕಾರ್ವಾಲ್ಯೊ ಅವರೂ ನಗರದಲ್ಲೇ ನಿಂತು, ಮತಭೇದವೆಣಿಸದೆ ರೋಗಿಗಳಿಗೆ ಗಂಜಿ ಕೊಟ್ಟರು, ಹುಣ್ಣು ತೊಳೆದರು, ಸತ್ತವರನ್ನು ಹೂಳಿದರು. ಇದರಲ್ಲಿ ಪವಾಡವಿಲ್ಲ, ಮಳೆಯ ಕಥೆಗಿಂತ ಈ ಪ್ರಸಂಗವೇ ಹೆಚ್ಚು ಭಾರವುಳ್ಳದ್ದೆಂದು ನಮಗೆ ತೋರುತ್ತದೆ. 2015ರ ಸಂತಪದವಿಯ ಸಂದರ್ಭದಲ್ಲಿ ಸಾಮಾನ್ಯವಾಗಿ ಬೇಕಾಗುವ ಎರಡನೆಯ ಪವಾಡದ ನಿಬಂಧನೆಯನ್ನು ಪೋಪ್ ಫ್ರಾನ್ಸಿಸ್ ಅವರು ಸಡಿಲಿಸಿದರೆಂಬುದೂ ಇಲ್ಲಿ ಸ್ಮರಣೀಯ.

೬. ಓಲೆಗರಿಯ ಪುರಾಣ

ಸಂಘಟನೆಗೆ ಓದಲು ಗ್ರಂಥ ಬೇಕು. 1705ರಲ್ಲಿ ಲಂಕೆಗೆ ಬಂದ ಒರೆಟರಿಯ ಗುರು ಜಾಕೊಮೆ ಗೊನ್ಸಾಲ್ವಿಸ್ (1676–1742) ಅವರು ಗೋವೆಯ ದಿವಾಡಿಯವರು. ವಾಜ್ ಅವರು ಅವರಿಗೆ ವಹಿಸಿದ್ದು ಭಾಷೆಯ ಕೆಲಸವನ್ನು. ಗೊನ್ಸಾಲ್ವಿಸ್ ಕ್ಯಾಂಡಿಯ ಬೌದ್ಧ ವಿದ್ವಾಂಸರಿಂದ ಶಿಷ್ಟ ಸಿಂಹಳವನ್ನು ಕಲಿತು ಸಿಂಹಳ ಮತ್ತು ತಮಿಳುಗಳಲ್ಲಿ ವಿಪುಲವಾಗಿ ಬರೆದರು. ‘ದೇವವೇದ ಪುರಾಣ’ ಅವರ ಮುಖ್ಯ ಕೃತಿಗಳಲ್ಲೊಂದು. ಕ್ರಿಸ್ತನ ಯಾತನೆಯನ್ನು ಕುರಿತ ‘ದುಃಖಪ್ರಾಪ್ತಿ ಪ್ರಸಂಗ’ ತಪಸ್ಸುಕಾಲದಲ್ಲಿ ರಾಗವಾಗಿ ಓದುವ ಪರಂಪರೆಗೆ ಆಧಾರವಾಯಿತು.

ಶೀರ್ಷಿಕೆಗಳಲ್ಲಿನ ‘ವೇದ’, ‘ಪುರಾಣ’ ಶಬ್ದಗಳು ಆಕಸ್ಮಿಕವಲ್ಲ. ಇಂಗ್ಲಿಷ್ ಜೆಸುಯಿಟ್ ಗುರು ತೋಮಸ್ ಸ್ಟೀಫನ್ಸ್ ಮರಾಠಿ ಓವಿಗಳಲ್ಲಿ ರಚಿಸಿದ ‘ಕ್ರಿಸ್ತಪುರಾಣ’ 1616ರಲ್ಲಿ ರಾಯತೂರಿನಲ್ಲಿ ಅಚ್ಚಾಗಿತ್ತು. ಪುರಾಣವೆಂಬ ರೂಪವನ್ನು ಕ್ರೈಸ್ತವಸ್ತುವಿಗೆ ಒಗ್ಗಿಸಿದ ಆ ಕೃತಿ ಕೆನರಾದ ಕ್ರೈಸ್ತರಲ್ಲಿ ಬಾಳಿ, 1907ರಲ್ಲಿ ಜೆ. ಎಲ್. ಸಲ್ಡಾನ್ಹಾ ಅವರ ಸಂಪಾದನೆಯಲ್ಲಿ ಮಂಗಳೂರಿನಿಂದಲೇ ಮತ್ತೆ ಪ್ರಕಟವಾಯಿತು. ಆದರೆ ಗೋವೆಯ ಆಳ್ವಿಕೆಯ ಧೋರಣೆ ಅಷ್ಟರಲ್ಲಿ ಬದಲಾಗಿತ್ತು. ವಾಜ್ ಅವರು ಕೆನರಾದಿಂದ ಹಿಂದಿರುಗಿದ 1684ರಲ್ಲೇ, ಜೂನ್ 27ರಂದು, ವೈಸರಾಯ್ ಆಲ್ವೊರ್ ಕೌಂಟನು ಕೊಂಕಣಿಯನ್ನು ಬಿಟ್ಟು ಮೂರು ವರ್ಷಗಳೊಳಗೆ ಪೋರ್ಚುಗೀಸನ್ನೇ ಆಡಬೇಕೆಂದು ಆಜ್ಞಾಪಿಸಿದ್ದನು. ತಮ್ಮ ನಾಡಿನಲ್ಲಿ ತಾಯ್ನುಡಿಯ ಮೇಲೆ ನಿರ್ಬಂಧ ಬಂದ ಕಾಲದಲ್ಲಿ ಈ ಗುರುಗಳು ಪರನಾಡಿನ ಎರಡು ದೇಶಭಾಷೆಗಳಲ್ಲಿ ಧರ್ಮಸಾಹಿತ್ಯವನ್ನು ಕಟ್ಟಿದರು.

ಡಚ್ಚರ ಬಳಿ ಮುದ್ರಣಯಂತ್ರವಿತ್ತು. ಸಿಂಹಳ ಲಿಪಿಯ ಮೊದಲ ಮುದ್ರಿತ ಪುಸ್ತಕ 1737ರಲ್ಲಿ ಕೊಲಂಬೊದಿಂದ ಹೊರಬಂದಿತು. ಗೊನ್ಸಾಲ್ವಿಸ್ ಅವರ ಬಳಿ ಇದ್ದುದು ಓಲೆಗರಿ ಮತ್ತು ಲಿಪಿಕಾರರು. ಓಲೆಯ ಪ್ರತಿ ಮೂಪ್ಪುವಿನ ಮನೆಯ ಅಟ್ಟದಲ್ಲಿ ಅಡಗಬಲ್ಲದು. ಅಕ್ಷರ ಬಲ್ಲ ಒಬ್ಬನಿದ್ದರೆ ಊರಿಗೇ ಕೇಳಿಸಬಲ್ಲದು. ಸ್ವರ ಹಿಡಿದು ಓದಿದ್ದು ಓಲೆ ಸಿಕ್ಕಿಬಿದ್ದರೂ ನೆನಪಿನಲ್ಲಿ ಉಳಿಯುತ್ತದೆ.

೭. ಮಿತಿಗಳು

ಈ ಚಿತ್ರದ ನೆರಳಿನ ಭಾಗವನ್ನೂ ಹೇಳದಿದ್ದರೆ ನಮ್ಮ ವಿವೇಚನೆ ಮತ್ತೊಂದು ಸಂತಚರಿತ್ರೆಯಾದೀತು. ಯುರೋಪಿಯನ್ನರು ಮುಚ್ಚಿದ ಬಾಗಿಲಿಗೆ ಉತ್ತರವಾಗಿ ಹುಟ್ಟಿದ ಗೋವೆಯ ಒರೆಟರಿ ತಾನೂ ಒಂದು ಬಾಗಿಲನ್ನು ಮುಚ್ಚಿತ್ತು: ಅದಕ್ಕೆ ಸೇರಬಹುದಾಗಿದ್ದವರು ಬ್ರಾಹ್ಮಣ ಮೂಲದ ಕ್ರೈಸ್ತರು ಮಾತ್ರ. ವಾಜ್ ಅವರೊಡನೆ ಹಸಿವನ್ನೂ ರೋಗವನ್ನೂ ಹಂಚಿಕೊಂಡು ಜಲಸಂಧಿ ದಾಟಿದ ಜೊವಾಂವ್ ಚರಿತ್ರೆಯಲ್ಲಿ ‘ಸೇವಕ’ನಾಗಿಯೇ ಉಳಿದನು.

ರಾಜಾಶ್ರಯವೂ ಸ್ಥಿರವಾಗಿರಲಿಲ್ಲ. ಶ್ರೀ ವೀರನರೇಂದ್ರಸಿಂಹನ (1707–1739) ಕಾಲದಲ್ಲಿ ಮುಂದುವರಿದ ಔದಾರ್ಯ ಅವನ ಉತ್ತರಾಧಿಕಾರಿ ಶ್ರೀ ವಿಜಯರಾಜಸಿಂಹನ (1739–1747) ಕಾಲದಲ್ಲಿ ಮುರಿದುಬಿತ್ತು. 1740ರ ದಶಕದಲ್ಲಿ ಕ್ಯಾಂಡಿಯ ಚರ್ಚುಗಳು ನಾಶವಾದವು, ಗುರುಗಳು ಹೊರಹಾಕಲ್ಪಟ್ಟರು. ವಾಜ್ ಅವರು 1711ರ ಜನವರಿ 16ರಂದೇ ತೀರಿಕೊಂಡಿದ್ದರು. ಸಮುದಾಯದ ಉಳಿವು ಸಂತನನ್ನೋ ಅರಸನನ್ನೋ ಮಾತ್ರ ಆಶ್ರಯಿಸಿದ್ದರೆ ಇಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಡಚ್ಚರ ಆಳ್ವಿಕೆ 1796ರಲ್ಲಿ ಕೊನೆಗೊಂಡಿತು. ಕಥೋಲಿಕರ ಮೇಲಿನ ನಿರ್ಬಂಧಗಳನ್ನು ಬ್ರಿಟಿಷರು 1806ರಲ್ಲಿ ರದ್ದುಮಾಡಿದರು. ಅಲ್ಲಿಯವರೆಗೂ ಓಲೆಯ ಪುರಾಣ, ಮೂಪ್ಪುವಿನ ಭಾನುವಾರ ನಡೆದುಬಂದವು.

೮. ಕನ್ನಡ ಸಂಶೋಧನೆಗೆ ಕೆಲವು ಸೂಚನೆಗಳು

ವಾಜ್ ಅವರ ಪ್ರಮುಖ ಚರಿತ್ರೆ ಒರೆಟರಿಯ ಸೆಬಾಸ್ತಿಯಾಂವ್ ದೊ ರೇಗೊ ಅವರದು. 1745ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟವಾಯಿತು. ಸಂತಪದವಿಯ ಉದ್ದೇಶವನ್ನು ಎದುರಿಗಿಟ್ಟುಕೊಂಡ ಬರವಣಿಗೆ ಅದು. ಅದರಲ್ಲಿ ಕೆನರಾದ ಭಾಗ ಲಂಕೆಯ ಕಥೆಗೆ ಪೀಠಿಕೆಯಷ್ಟೆ. ಕನ್ನಡದ ವಿದ್ವಾಂಸರು ಈ ಭಾಗವನ್ನು ಪೀಠಿಕೆಯೆಂದು ಬಿಡದೆ, ಲಿಂಗಣ್ಣನ ‘ಕೆಳದಿನೃಪವಿಜಯ’, ಕೆಳದಿಯ ಬಸವರಾಜನ ‘ಶಿವತತ್ತ್ವರತ್ನಾಕರ’, ಗೋವೆಯ ಪತ್ರಾಗಾರದ ಒಪ್ಪಂದಪತ್ರಗಳು, ಕರಾವಳಿಯ ಚರ್ಚುಗಳ ದಾಖಲೆಗಳು ಇವುಗಳ ಜೊತೆಗಿಟ್ಟು ಓದಬೇಕಾಗಿದೆ. ಗೋವೆ, ಮುಂಬಯಿ, ಚೆನ್ನೈಗಳಲ್ಲಿರುವ ಕನ್ನಡ ಸಂಶೋಧಕರಿಗೆ ಈ ಕೆಲಸ ನಾಡಿನೊಳಗಿರುವವರಿಗಿಂತ ಸುಲಭ. ಪೋರ್ಚುಗೀಸ್, ಮರಾಠಿ, ತಮಿಳು ಆಕರಗಳು ಅವರ ಕೈಯಳತೆಯಲ್ಲಿವೆ.

ಕೆನರಾದ ಕ್ರೈಸ್ತರು 1784ರಿಂದ 1799ರವರೆಗೆ ಟಿಪ್ಪುವಿನ ಆಜ್ಞೆಯಂತೆ ಶ್ರೀರಂಗಪಟ್ಟಣದಲ್ಲಿ ಸೆರೆಯಾಗಿ ಕಳೆದ ಕಾಲವನ್ನೂ ಈ ದೃಷ್ಟಿಯಿಂದ ನೋಡಬಹುದು. ಎಷ್ಟು ಮಂದಿ ಸೆರೆಯಾದರೆಂಬ ವಾಗ್ವಾದದಲ್ಲೇ ಅದರ ಚರ್ಚೆ ಬಹುಮಟ್ಟಿಗೆ ನಿಂತುಹೋಗಿದೆ. ಗುರುಗಳಿಲ್ಲದ ಆ ಹದಿನೈದು ವರ್ಷಗಳಲ್ಲಿ ಪ್ರಾರ್ಥನೆಯನ್ನು ಯಾರು ಹೇಳಿಸಿದರು, ಯಾವ ಭಾಷೆಯಲ್ಲಿ, ಯಾವ ಪಾಠದಿಂದ ಎಂಬುದು ಕೇಳಬೇಕಾದ ಪ್ರಶ್ನೆ. ಲಂಕೆಯ ಉದಾಹರಣೆ ಅದಕ್ಕೊಂದು ಮಾದರಿಯನ್ನು ಒದಗಿಸುತ್ತದೆ.

2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ಲಂಕೆಯ ಚರ್ಚುಗಳು ಮತ್ತು ಹೋಟೆಲುಗಳ ಮೇಲೆ ನಡೆದ ಬಾಂಬ್ ದಾಳಿಗಳಲ್ಲಿ 250ಕ್ಕೂ ಹೆಚ್ಚು ಜನ ಸತ್ತರು. ದಾಳಿಗೀಡಾದ ಚರ್ಚುಗಳಲ್ಲಿ ಕೊಲಂಬೊದ ಕೊಚ್ಚಿಕಡೆಯ ಸಂತ ಅಂತೋಣಿ ಕ್ಷೇತ್ರವೂ ಒಂದು. ಡಚ್ಚರ ಕಾಲದಲ್ಲಿ ವ್ಯಾಪಾರಿಯ ವೇಷದಲ್ಲಿದ್ದ ಒರೆಟರಿಯ ಗುರುವೊಬ್ಬರಿಂದ ಆ ಕ್ಷೇತ್ರ ಹುಟ್ಟಿತೆಂದು ಅಲ್ಲಿನ ಪರಂಪರೆ ನಂಬುತ್ತದೆ. ಕ್ರೈಸ್ತರಲ್ಲದೆ ಬೌದ್ಧರೂ ಹಿಂದೂಗಳೂ ಹರಕೆ ಹೊತ್ತು ಬರುವ ಸ್ಥಳವದು. ಅದೇ ವರ್ಷದ ಜೂನ್‌ನಲ್ಲಿ ಮತ್ತೆ ತೆರೆಯಿತು. ಇಂಥ ಆಘಾತಗಳನ್ನು ಒಂದು ಸಮುದಾಯ ಹೇಗೆ ದಾಟುತ್ತದೆಂಬುದನ್ನು ತಿಳಿಯಬೇಕಾದರೆ ಸಂತನ ಹೆಸರಿನ ಜೊತೆಗೆ ಆ ಮೂಪ್ಪುಗಳ, ಲಿಪಿಕಾರರ, ಜಪಸರವನ್ನು ಗುರುತಿಸಿದ ಮನೆಯವರ ಚರಿತ್ರೆಯನ್ನೂ ಬರೆಯಬೇಕಾಗುತ್ತದೆ. ಆ ಚರಿತ್ರೆಯ ಮೊದಲ ಅಧ್ಯಾಯ ಬಸರೂರು, ಗಂಗೊಳ್ಳಿ, ಮಂಗಳೂರುಗಳಲ್ಲಿ ಇದೆಯೆಂಬುದನ್ನು ಕನ್ನಡ ಸಂಶೋಧಕರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.